ಭಾರತದಲ್ಲಿ ವಾಯು ಗುಣಮಟ್ಟದ ಮಾಪನ: ಅಳತೆಯೊಂದಿಗೆ ಬದಲಾದ ಗ್ರಾಫ್

ಭಾರತದ ನಗರಗಳ ಗಾಳಿಯನ್ನು ನಿಯತವಾಗಿ ಅಳೆಯುವ ಕೆಲಸಕ್ಕೆ ಕಾನೂನಿನ ಬಲ ದೊರೆತದ್ದು 1981ರ ವಾಯು ಕಾಯ್ದೆಯಿಂದ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ 1970ರ ದಶಕದಲ್ಲಿಯೇ ಕೆಲವು ಮಹಾನಗರಗಳಲ್ಲಿ ಅಳತೆ ಆರಂಭಿಸಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಷ್ಟ್ರೀಯ ಜಾಲ 1984ರಲ್ಲಿ ಶುರುವಾದಾಗ ಅದರಲ್ಲಿದ್ದವು 7 ಕೇಂದ್ರಗಳು ಮಾತ್ರ. ಅವು ತಾಜ್ ಮಹಲಿನ ಆಗ್ರಾದಲ್ಲಿ ಮತ್ತು ಕಲ್ಲಿದ್ದಲು ವಿದ್ಯುತ್ ಸ್ಥಾವರವಿರುವ ಅನ್ಪರಾದಲ್ಲಿದ್ದವು.

ಆಗಿನ ಅಳತೆ ಪೂರ್ತಿ ಕೈಕೆಲಸ. ಗಾಜಿನ ನಾರಿನ ಶೋಧಕ ಹಾಳೆಯ ತೇವ ಆರಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಹೈ ವಾಲ್ಯೂಮ್ ಸ್ಯಾಂಪ್ಲರ್ ಯಂತ್ರಕ್ಕೆ ಹಾಕುತ್ತಿದ್ದರು. ಯಂತ್ರ 8 ಗಂಟೆ ಗಾಳಿ ಎಳೆದ ಮೇಲೆ, ಬೂದುಗಟ್ಟಿದ ಹಾಳೆಯನ್ನು ಮತ್ತೆ ತೂಗುತ್ತಿದ್ದರು. ಹೆಚ್ಚಿದ ತೂಕವನ್ನು ಎಳೆದ ಗಾಳಿಯ ಪ್ರಮಾಣದಿಂದ ಭಾಗಿಸಿದರೆ ದೂಳಿನ ಸಾಂದ್ರತೆ ಸಿಗುತ್ತದೆ. ಗಂಧಕದ ಡೈಆಕ್ಸೈಡನ್ನು ದ್ರಾವಣದಲ್ಲಿ ಹಿಡಿದು, ಬಣ್ಣ ಎಷ್ಟು ಗಾಢವಾಯಿತೆಂಬುದರಿಂದ ಅಳೆಯುತ್ತಿದ್ದರು. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನಗಳ ಅಳತೆ ಈ ಪದ್ಧತಿಯ ಗುರಿ. ಹೀಗಾಗಿ ಹಳೆಯ ಗ್ರಾಫ್‌ಗಳಲ್ಲಿ ಋತುಮಾನ ಕಾಣುತ್ತದೆ, ದಿನದೊಳಗಿನ ಏರಿಳಿತ ಕಾಣುವುದಿಲ್ಲ.

ಅಳೆಯುವ ವಸ್ತುವೂ ಬದಲಾಯಿತು. ಮೊದಲು ಲೆಕ್ಕಕ್ಕಿದ್ದದ್ದು ಗಾಳಿಯಲ್ಲಿ ತೇಲುವ ಒಟ್ಟು ದೂಳು. 1994ರ ಮಾನದಂಡ ಉಸಿರಿನೊಂದಿಗೆ ಒಳಹೋಗುವ ದೂಳನ್ನು ಬೇರೆಯಾಗಿ ಗುರುತಿಸಿತು. 2009ರ ಮಾನದಂಡ ಒಟ್ಟು ದೂಳನ್ನು ಕೈಬಿಟ್ಟು, 2.5 ಮೈಕ್ರಾನ್‌ವರೆಗಿನ ಕಣಗಳಿಗೆ, ಅಂದರೆ ಪಿಎಂ2.5ಕ್ಕೆ, ಘನಮೀಟರಿಗೆ ವಾರ್ಷಿಕ 40, ದೈನಿಕ 60 ಮೈಕ್ರೋಗ್ರಾಂ ಮಿತಿ ಹಾಕಿತು. ಈ ಮೂರು ಕಾಲದ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿದರೆ ಗಾಳಿ ಸುಧಾರಿಸದೆಯೇ ಸುಧಾರಿಸಿದಂತೆ ತೋರುತ್ತದೆ.

ಮುಂದೆ ಸ್ವಯಂಚಾಲಿತ ಕೇಂದ್ರಗಳು ಬಂದವು. ಇವುಗಳಲ್ಲಿ ಹಲವು, ಟೇಪಿನ ಮೇಲೆ ಕೂತ ದೂಳು ಬೀಟಾ ಕಿರಣಗಳನ್ನು ಎಷ್ಟು ತಡೆಯುತ್ತದೆಂದು ನೋಡಿ ಗಂಟೆಗೊಂದು ಅಂಕಿ ಕೊಡುತ್ತವೆ. ಬೆಂಗಳೂರಿನ ಪೀಣ್ಯ, ಸಿಲ್ಕ್ ಬೋರ್ಡ್‌ಗಳಲ್ಲಿಯೂ ಸ್ವಯಂಚಾಲಿತ ಕೇಂದ್ರಗಳಿವೆ. ಬೆಳಗ್ಗೆ, ಸಂಜೆ ವಾಹನ ದಟ್ಟಣೆಯ ಹೊತ್ತಿನ ಏರಿಕೆಯನ್ನು ಗ್ರಾಫ್ ಹಿಡಿಯತೊಡಗಿದ್ದು ಇಂಥ ಉಪಕರಣಗಳಿಂದಲೇ.

2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ 8 ಮಾಲಿನ್ಯಕಾರಕಗಳನ್ನು ಒಂದೇ ಅಂಕಿಗೆ ಇಳಿಸಿತು. ಪ್ರತಿಯೊಂದರ ಉಪಸೂಚ್ಯಂಕ ಲೆಕ್ಕಹಾಕಿ, ಅತಿ ಹೆಚ್ಚಿನದನ್ನೇ ಆ ದಿನದ ಸೂಚ್ಯಂಕವೆಂದು ಪರಿಗಣಿಸಲಾಗುತ್ತದೆ. ಜನರನ್ನು ಎಚ್ಚರಿಸಲು ಇದು ನಿಜಕ್ಕೂ ಒಳ್ಳೆಯ ಸಾಧನ. ದೀರ್ಘಕಾಲದ ಅಧ್ಯಯನಕ್ಕೆ ಮಾತ್ರ ಸಾಲದು. ಪಿಎಂ2.5 ಪ್ರಮಾಣ 60 ಇದ್ದಾಗ ಸೂಚ್ಯಂಕ 100, 120 ಆದಾಗ 300. ದೂಳು ಇಮ್ಮಡಿಯಾದರೆ ಅಂಕಿ ಮುಮ್ಮಡಿಯಾಗುತ್ತದೆ. ಇಂದಿನ ಅಂಕಿ ದೂಳಿನದಾಗಿ, ನಾಳೆಯದು ಓಝೋನಿನದಾಗಿರಲೂಬಹುದು.

ಆದ್ದರಿಂದ ಕಾಲಾನುಕ್ರಮದ ಹೋಲಿಕೆಗೆ ಸೂಚ್ಯಂಕಕ್ಕಿಂತ ಒಂದೇ ಮಾಲಿನ್ಯಕಾರಕದ ಸಾಂದ್ರತೆಯೇ ಯೋಗ್ಯ. ಆ ಸಾಂದ್ರತೆಯೂ ಒಂದೇ ಕೇಂದ್ರದ್ದಾಗಿರಬೇಕು, ಏಕೆಂದರೆ ಉದ್ಯಾನದ ಬಳಿ ಹೊಸ ಕೇಂದ್ರ ಸೇರಿದರೆ ಸಾಕು, ನಗರದ ಸರಾಸರಿ ಇಳಿಯುತ್ತದೆ. ಮಳೆ ದೂಳನ್ನು ತೊಳೆಯುವುದರಿಂದ, ಚಳಿಗಾಲದಲ್ಲಿ ತಂಪುಗಾಳಿ ನೆಲದ ಹತ್ತಿರವೇ ನಿಂತು ಹೊಗೆಯನ್ನು ಹಿಡಿದಿಡುವುದರಿಂದ, ಜುಲೈ ತಿಂಗಳನ್ನು ಜುಲೈಗೆ, ಜನವರಿಯನ್ನು ಜನವರಿಗೇ ಹೋಲಿಸಬೇಕಾಗುತ್ತದೆ. ಉಪಕರಣ ಬದಲಾದ ಅಥವಾ ಕೆಟ್ಟು ನಿಂತ ದಿನಗಳಲ್ಲಿ ಗೆರೆಯನ್ನು ಎಳೆದು ಸೇರಿಸದೆ ಕಡಿದೇ ತೋರಿಸಬೇಕು.