ಪ್ರದರ್ಶನದ ಅಂಕಣದಿಂದ ಊರಿನ ಆಡಳಿತಕ್ಕೆ: ಚಕ್ ಕೂಪರ್ ಕುರಿತ ಟಿಪ್ಪಣಿ

ಚಕ್ ಕೂಪರ್ (1926–1984) ಎಂದೊಡನೆ ‘ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ತಂಡವೊಂದು ಆಯ್ದ ಮೊದಲ ಕಪ್ಪು ಆಟಗಾರ’ ಎಂಬ ಬಿರುದು ಬೆನ್ನಿಗೇ ಬರುತ್ತದೆ. ಮಾತು ನಿಜ, ಆದರೆ ಬಿಡಿಸಿ ಹೇಳಬೇಕಾದದ್ದು. 1950ರ ಏಪ್ರಿಲ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಕೂಪರ್ ಅವರನ್ನು ಆರಿಸಿಕೊಂಡಿತು. ಆದರೆ ಅದೇ ವರ್ಷದ ಅಕ್ಟೋಬರ್ 31ರಂದು ಅಂಕಣಕ್ಕೆ ಮೊದಲು ಇಳಿದವರು ಇನ್ನೊಬ್ಬ ಕಪ್ಪು ಆಟಗಾರ ಅರ್ಲ್ ಲಾಯ್ಡ್. ಕೂಪರ್ ಆಡಿದ್ದು ಮರುದಿನ. ವೇಳಾಪಟ್ಟಿಯ ಆಕಸ್ಮಿಕವಷ್ಟೇ ಇದು. ಈ ‘ಮೊದಲಿಗ’ನ ಪಟ್ಟದ ನೆರಳಿನಲ್ಲಿ ಅವರ ಬದುಕಿನ ಎರಡು ಘಟ್ಟಗಳು ಮಸುಕಾಗಿವೆ. ಒಂದು, ಪ್ರದರ್ಶನ ಬಾಸ್ಕೆಟ್‌ಬಾಲ್. ಇನ್ನೊಂದು, ಹುಟ್ಟೂರು ಪಿಟ್ಸ್‌ಬರ್ಗ್‌ನ ನಗರಾಡಳಿತ. ಎರಡನೆಯದೇ ಹೆಚ್ಚು ತೂಕದ್ದೆಂದು ನನ್ನ ಎಣಿಕೆ.

ಪ್ರದರ್ಶನ ತಂಡಗಳೆಂದರೆ ಬರೀ ವಿದೂಷಕರ ಮೇಳವಲ್ಲ. ಷಿಕಾಗೊದಲ್ಲಿ ಹುಟ್ಟಿದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ 1948ರಲ್ಲಿ ಅಂದಿನ ತಾರೆ ಜಾರ್ಜ್ ಮೈಕನ್ ಇದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 61–59ರಿಂದ ಸೋಲಿಸಿತ್ತು. (ಹೆಸರಿನಲ್ಲಷ್ಟೇ ಹಾರ್ಲೆಮ್, ಅಲ್ಲಿ ತಂಡ ಮೊದಲು ಆಡಿದ್ದು 1968ರಲ್ಲಿ.) ಲೀಗಿನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಪ್ರತಿಭೆಗೆ ಅನ್ನ ಸಿಗುತ್ತಿದ್ದದ್ದು ಇಂಥ ತಂಡಗಳಲ್ಲೇ. ಆಟವೂ ಇರಬೇಕು, ನೋಡಲು ನೆರೆದವರು ನಗಲೂಬೇಕು: ನಮ್ಮ ಕಡೆಯ ಜಾತ್ರೆಯ ಕುಸ್ತಿ ಬಲ್ಲವರಿಗೆ ಈ ಬೆರಕೆ ಹೊಸದೇನಲ್ಲ.

ಸಾಮಾನ್ಯವಾಗಿ ದಾರಿ ಪ್ರದರ್ಶನದಿಂದ ಲೀಗಿನ ಕಡೆಗಿತ್ತು. 1950ರಲ್ಲಿ ನ್ಯಾಟ್ ಕ್ಲಿಫ್ಟನ್ ಹೋದದ್ದು ಹಾಗೆಯೇ, ಗ್ಲೋಬ್‌ಟ್ರಾಟರ್ಸ್‌ನಿಂದ ನ್ಯೂಯಾರ್ಕ್ ನಿಕ್ಸ್‌ಗೆ. ಕೂಪರ್ ಮಾತ್ರ 1956ರವರೆಗೆ ಆರು ಋತುಗಳಲ್ಲಿ 409 ಪಂದ್ಯ ಆಡಿ, ಆಮೇಲೆ ಪ್ರದರ್ಶನ ತಂಡಕ್ಕೆ ಬಂದರು. ಅದು ಹಾರ್ಲೆಮ್ ಮೆಜೀಷಿಯನ್ಸ್; ಚೆಂಡು ಪುಟಿಸುವ ಚಳಕಕ್ಕೆ ಹೆಸರಾದ ಮಾರ್ಕಸ್ ಹೇನ್ಸ್ ಗ್ಲೋಬ್‌ಟ್ರಾಟರ್ಸ್ ಬಿಟ್ಟು 1953ರಲ್ಲಿ ಕಟ್ಟಿದ ತಂಡ. ಈ ಘಟ್ಟ ಚಿಕ್ಕದು. ಕಾರು ಅಪಘಾತದ ಪೆಟ್ಟು ಆಟವನ್ನೇ ನಿಲ್ಲಿಸಿತು.

ಮುಂದಿನ ಹೆಜ್ಜೆಯೇ ಕುತೂಹಲದ್ದು. ಆಟದ ಹೆಸರನ್ನು ನೇರ ಕುರ್ಚಿಯಾಗಿ ಮಾರ್ಪಡಿಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. ಕೂಪರ್ ಮೊದಲು ಓದಲು ಹೋದರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದು ಊರಿಗೆ ಮರಳಿದರು. ಅಲ್ಲಿನ ಶಾಲಾ ಮಂಡಳಿಯ ಸದಸ್ಯರಾದರು. 1970ರ ದಶಕದ ಆರಂಭದಲ್ಲಿ ಉದ್ಯಾನ ಮತ್ತು ಮನರಂಜನಾ ಇಲಾಖೆಯ ನಿರ್ದೇಶಕರಾದರು. ಪಿಟ್ಸ್‌ಬರ್ಗ್ ನಗರಾಡಳಿತದಲ್ಲಿ ಕಪ್ಪು ವ್ಯಕ್ತಿಯೊಬ್ಬರು ಇಲಾಖೆಯ ಮುಖ್ಯಸ್ಥರಾದದ್ದು ಅದೇ ಮೊದಲು.

ಈ ಹುದ್ದೆಯನ್ನು ಎರಡು ಹಳೆಯ ಘಟನೆಗಳ ಪಕ್ಕದಲ್ಲಿಟ್ಟು ನೋಡಬೇಕು. 1946ರ ಡಿಸೆಂಬರ್‌ನಲ್ಲಿ ಕೂಪರ್ ಡುಕೇನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. ಅವರು ಆಡುವುದಾದರೆ ತಾವು ಇಳಿಯುವುದಿಲ್ಲವೆಂದು ಟೆನೆಸಿ ತಂಡದವರು ಪಟ್ಟು ಹಿಡಿದರು; ಡುಕೇನ್ ಅವರನ್ನು ಕೈಬಿಡಲಿಲ್ಲ, ಪಂದ್ಯವೇ ರದ್ದಾಯಿತು. 1952ರಲ್ಲಿ ರಾಲಿ ಪಟ್ಟಣದ ಹೋಟೆಲು ಕೋಣೆ ಕೊಡಲು ಒಪ್ಪದಾಗ ರಾತ್ರಿಯ ರೈಲು ಹಿಡಿದು ಹೊರಟರು. ಸಹ ಆಟಗಾರ ಬಾಬ್ ಕೂಸಿ ಜೊತೆಗೆ ಹೋದರು. ಮೈದಾನ ಯಾರದು, ಒಳಗೆ ಯಾರು ಬರಬಹುದು ಎಂಬ ಪ್ರಶ್ನೆಯನ್ನು ಮೈಮೇಲೆ ಅನುಭವಿಸಿದವರ ಕೈಗೆ ಊರಿನ ಮೈದಾನಗಳ ಹೊಣೆ ಬಂದಿತ್ತು.

ನಮ್ಮ ಓದಿಗೆ ಇದರಲ್ಲಿ ಒಂದು ಎಳೆ ಸಿಗುತ್ತದೆ. 74ನೇ ತಿದ್ದುಪಡಿಯಿಂದ ಭಾರತದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯ 12ನೇ ಬಾಬ್ತು ಉದ್ಯಾನ, ಆಟದ ಮೈದಾನಗಳನ್ನು ಹೆಸರಿಸಿಯೇ ಹೇಳುತ್ತದೆ. ಆ ಪಟ್ಟಿ ಬೀದರ್, ಭಾಲ್ಕಿ, ಔರಾದ್‌ನಂಥ ಊರುಗಳ ನಗರಾಡಳಿತಕ್ಕೆ ಸಂಬಂಧಿಸಿದ್ದು. ಚಿಂತಾಕಿಯಂಥ ಹಳ್ಳಿಗೆ ಅನ್ವಯಿಸುವುದು 11ನೇ ಅನುಸೂಚಿ. ಅದರ 29 ವಿಷಯಗಳಲ್ಲಿ ಗ್ರಂಥಾಲಯವಿದೆ, ಸಂತೆಯಿದೆ, ಸಾಂಸ್ಕೃತಿಕ ಚಟುವಟಿಕೆಯಿದೆ. ಮೈದಾನ ಎಂಬ ಹೆಸರಿಲ್ಲ. ಹಳ್ಳಿಯ ಆಟಗಾರ ಪಂಚಾಯಿತಿಗೆ ಆರಿಸಿ ಬಂದರೆ ಮೈದಾನದ ಮಾತನ್ನು ಇನ್ನಾವುದೋ ಬಾಬ್ತಿನಡಿ ಎತ್ತಬೇಕಾಗುತ್ತದೆ.

ಕೂಪರ್ 1984ರಲ್ಲಿ ತೀರಿಕೊಂಡರು. ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2019ರಲ್ಲಿ. 2021ರಲ್ಲಿ ಡುಕೇನ್‌ನ ನವೀಕೃತ ಕ್ರೀಡಾಂಗಣಕ್ಕೆ ಅವರ ಹೆಸರು ಬಂತು. ಎರಡೂ ಗೌರವಗಳು ಆಟಗಾರನಿಗೆ ಸಂದವು.