ಒಪ್ಪೊತ್ತಿನ ಊಟವೋ, ಉಳುವ ನೆಲವೋ

ಪಿರಿಯಾಪಟ್ಟಣವೆಂದೊಡನೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವುದು ಕಾಳಗ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಚಂಗಾಳ್ವರ ಕೈಯಿಂದ ಈ ಊರು ಮೈಸೂರಿಗೆ ಸೇರಿದ ಕಥೆಯನ್ನು ಜನಪದ ಗಾಯಕರ ಬಾಯಲ್ಲಿ ನೀವೂ ಕೇಳಿರಬಹುದು. ಈಗ ನಾನು ಹೇಳಹೊರಟಿರುವುದು ಆ ಕಾಳಗವನ್ನಲ್ಲ. ಕ್ರಿಸ್ಮಸ್ ಹಬ್ಬ ಹತ್ತಿರವಾದಾಗ ಚರ್ಚಿನ ಮಂದಿ ಅಕ್ಕಿ, ಬಟ್ಟೆ, ತಿಂಡಿಯ ಪೊಟ್ಟಣ ಹಿಡಿದು ಬಡವರ ಮನೆಗಳಿಗೆ ಹೋಗುವುದನ್ನು ನೀವು ನೋಡಿದ್ದೀರಿ. ಈ ಕೊಡು-ಕೊಳ್ಳುವಿಕೆಯ ಹಿಂದಣ ಕಥೆಯೊಂದು ಪಿರಿಯಾಪಟ್ಟಣದ ಕೋಟೆಯ ಒಳಗಿನಿಂದಲೇ ಆರಂಭವಾಗುತ್ತದೆ. ವಿಚಿತ್ರವೆಂದರೆ, ಆ ಕಥೆಯಲ್ಲಿ ಕ್ರೈಸ್ತರು ಮೊದಲು ಕೊಡುವವರಲ್ಲ, ಬೇಡುವವರು.

ಟಿಪ್ಪು ಸುಲ್ತಾನನು ಕೊಡಗಿನ ರಾಜಕುಮಾರ ವೀರರಾಜೇಂದ್ರನನ್ನೂ ಅವನ ಮನೆಯವರನ್ನೂ ಸೆರೆಯಿಟ್ಟದ್ದು ಈ ಕೋಟೆಯಲ್ಲಿ. 1788ರಲ್ಲಿ ಅವನು ಇಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿದ. ಅದಕ್ಕೆ ನಾಲ್ಕು ವರ್ಷ ಮುಂಚೆ, 1784ರಲ್ಲಿ, ಕೆನರಾ ಕರಾವಳಿಯ ಕ್ರೈಸ್ತ ಒಕ್ಕಲುಗಳನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಎಷ್ಟು ಮಂದಿ ಎಂಬುದರಲ್ಲಿ ಒಮ್ಮತವಿಲ್ಲ. 30,000 ಎಂದವರಿದ್ದಾರೆ, 80,000 ಎಂದವರೂ ಇದ್ದಾರೆ. ಹೊಲ, ಮನೆ, ತೋಟ ಬಿಟ್ಟು ನಡೆದ ಈ ಜನರಲ್ಲಿ ದಾರಿಯಲ್ಲೇ ಸತ್ತವರು ಬಹಳ. ಕೆಲವರು ಹೇಗೋ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದರು.

ಅವರಿಗೆ ಆಸರೆ ಕೊಟ್ಟವನು ಇದೇ ವೀರರಾಜೇಂದ್ರ. 1792ರಲ್ಲಿ ತನ್ನ ಹೆಸರಿನಲ್ಲಿ ವೀರರಾಜಪೇಟೆಯನ್ನು ಕಟ್ಟಿದಾಗ ಅವರಿಗೆ ಅಲ್ಲಿ ನೆಲೆ ಕೊಟ್ಟ, ಚರ್ಚಿಗೆ ಜಾಗ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಅದೇ. ವೀರಶೈವ ಅರಸನೊಬ್ಬ ಕಟ್ಟಿದ ಊರಿನಲ್ಲಿ, ಊರು ಬಿಟ್ಟು ಬಂದ ಒಕ್ಕಲುಗಳು ಕ್ರಿಸ್ಮಸ್ ಆಚರಿಸಿದವು. ಸೆರೆಮನೆಯ ಕಷ್ಟ ಕಂಡವನಿಗೆ ಸೆರೆ ತಪ್ಪಿಸಿಕೊಂಡವರ ಪಾಡು ತಿಳಿಯಿತೇನೋ! ಪೇಟೆಗೆ ಜನ ಬೇಕಿತ್ತೆಂಬ ರಾಜನ ಲೆಕ್ಕಾಚಾರವೂ ಇದ್ದಿರಬಹುದು. ಎರಡೂ ಇದ್ದವೆಂದೇ ನನಗೆ ತೋರುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬಹುಮಂದಿ ಕರಾವಳಿಗೆ ಹಿಂದಿರುಗಿದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರಾದರೋ ಚದುರಿಹೋಗಿದ್ದರು. ಚರ್ಚಿಲ್ಲ, ಗುರುವಿಲ್ಲ, ಕೈಯಲ್ಲಿ ಕಾಸಿಲ್ಲ. ಅವರ ಬಳಿಗೆ ಬಂದವನು ಅಬ್ಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದು, ಈ ದೇಶದವರ ಉಡುಗೆ ಉಟ್ಟು, ಮಾಂಸಾಹಾರ ಬಿಟ್ಟು, ಜನರ ನಡುವೆ ಬಾಳಿದವನು. ನಮ್ಮವರು ಅವನನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. ಪಂಡಿತರು ಅವನನ್ನು ಬಲ್ಲದ್ದು ಆ ಪುಸ್ತಕದಿಂದ. ಅದರಲ್ಲಿ ನಮಗೆ ಒಪ್ಪದ ಮಾತುಗಳೂ ಸಾಕಷ್ಟಿವೆ, ಅದಿರಲಿ.

ನನಗೆ ಹೆಚ್ಚಾಗಿ ಕಾಣುವುದು ಅವನು ಮಾಡಿದ ಬೇರೆ ಎರಡು ಕೆಲಸ. ಹಬ್ಬದ ದಿನ ಗಂಜಿ ಹೊಯ್ದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಮರುದಿನ? ದುಬೊಯ್ ಹಾಸನದ ಬಳಿಯ ಸಾತಹಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತ ಸಂಸಾರಗಳಿಗಾಗಿ ಬೇಸಾಯದ ನೆಲೆಯನ್ನು ಏರ್ಪಡಿಸಿದ. ಬೇಡುವವನು ಆರಂಬಗಾರನಾದರೆ ಮುಂದಿನ ಕ್ರಿಸ್ಮಸ್ಸಿಗೆ ಅವನ ಕಣಜದಲ್ಲೇ ರಾಗಿಯಿರುತ್ತದೆ. ಇನ್ನೊಂದು ಕೆಲಸ, ಸಿಡುಬಿನ ವಿರುದ್ಧ ದಾಕು ಹಾಕಿದ್ದು. ಜೆನ್ನರ್ ತನ್ನ ವಿಧಾನವನ್ನು ಪ್ರಕಟಿಸಿದ್ದು 1798ರಲ್ಲಿ. ಅದಾದ ಐದಾರು ವರ್ಷದಲ್ಲೇ, 1803-04ರಲ್ಲಿ, ಮೈಸೂರು ಸೀಮೆಯ 25,432 ಜನರಿಗೆ ದುಬೊಯ್ ದಾಕು ಹಾಕಿದನೆಂದು ದಾಖಲೆಯಿದೆ. ಅಮ್ಮನ ಮುನಿಸೆಂದು ಹೆದರುತ್ತಿದ್ದ ಕಾಲದಲ್ಲಿ ಮಗುವಿನ ತೋಳನ್ನು ಪರದೇಶಿಯೊಬ್ಬನ ಮುಂದೆ ಚಾಚಲು ತಾಯಂದಿರನ್ನು ಒಪ್ಪಿಸುವುದೆಂದರೆ ಸಾಮಾನ್ಯವೆ? ಮನೆಗೆಲ್ಲ ದುಡಿಯುವವನನ್ನು ಸಿಡುಬು ಒಯ್ದರೆ ಆ ಮನೆ ಬೀದಿಗೆ ಬಿತ್ತೆಂದೇ ಲೆಕ್ಕ.

ಇಂಥ ದಾನದ ಹಿಂದೆ ಮತಾಂತರದ ಗಾಳವಿಲ್ಲವೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದುಬೊಯ್ ಬಂದದ್ದು ಪಾದ್ರಿಯಾಗಿಯೇ. ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು ಅವನೇ ಬರೆದ. ಅದನ್ನೋದಿ ಬೇರೆ ಮಿಶನರಿಗಳು ಸಿಟ್ಟಾದರು. ಮೂವತ್ತೊಂದು ವರ್ಷ ಇಲ್ಲಿದ್ದು, ತನ್ನ ಮುಖ್ಯ ಉದ್ದೇಶ ಸಾಗಲಿಲ್ಲವೆಂದು ಒಪ್ಪಿಕೊಂಡು ಅದೇ ವರ್ಷ ಅವನು ಊರಿಗೆ ಹಿಂದಿರುಗಿದ. ಇತ್ತ ಸಾತಹಳ್ಳಿಯ ಸಂಸಾರಗಳು ಉಳುತ್ತಲೇ ಇದ್ದವು.

ಮನೆಮನೆಗೆ ಹೋಗಿ ಬಡವರನ್ನು ಕಾಣುವ ಪದ್ಧತಿಗೆ ಸಂಘದ ರೂಪ ಬಂದದ್ದು ಅನಂತರ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ ವಿದ್ಯಾರ್ಥಿ ಗೆಳೆಯರೊಡನೆ ಸಂತ ವಿನ್ಸೆಂಟ್ ದ ಪೌಲರ ಹೆಸರಿನ ಸಭೆಯನ್ನು ಆರಂಭಿಸಿದ. ಬಡವನನ್ನು ಬಾಗಿಲಿಗೆ ಕರೆಸದೆ ಅವನ ಮನೆಗೇ ಹೋಗುವುದು ಆ ಸಭೆಯ ರೀತಿ. 1891ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾಲ್ವೇಶನ್ ಆರ್ಮಿಯ ಜೋಸೆಫ್ ಮ್ಯಾಕ್‌ಫೀ, ಬಡವರ ಕ್ರಿಸ್ಮಸ್ ಊಟಕ್ಕಾಗಿ ದೋಣಿಕಟ್ಟೆಯ ಬಳಿ ಒಂದು ಹಂಡೆಯನ್ನು ತೂಗುಹಾಕಿ ಹೋಗಿಬರುವವರಿಂದ ಕಾಸು ಬೇಡಿದ.

ನಮ್ಮ ಭಾಗಕ್ಕೆ ಮರಳೋಣ. ಕೃಷ್ಣರಾಜನಗರದ ಬಳಿಯ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರವಿದೆ. 2019ರಲ್ಲಿ ಅದಕ್ಕೆ ಬಸಿಲಿಕ ಎಂಬ ಪದವಿ ದೊರೆಯಿತು. ರೈತನೊಬ್ಬ ಹೊಲ ಉಳುತ್ತಿದ್ದಾಗ ಮರದ ಮೂರ್ತಿಯೊಂದು ನೇಗಿಲಿಗೆ ಸಿಕ್ಕಿತೆಂದು ಅಲ್ಲಿಯವರು ಹೇಳುತ್ತಾರೆ. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಉಂಟು. ಪಿರಿಯಾಪಟ್ಟಣದಿಂದ ಮಡಿಕೇರಿಯತ್ತ ಹೋಗುವ ಅದೇ ದಾರಿಯಲ್ಲಿ, ಬೈಲಕುಪ್ಪೆಯಲ್ಲಿ, 1961ರ ಹೊತ್ತಿಗೆ ಮತ್ತೊಂದು ದಿಕ್ಕೆಟ್ಟ ಜನ ಬಂದಿಳಿದರು. ಆ ಟಿಬೆಟಿನವರಿಗೆ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. ಅವರೂ ಮರ ಕಡಿದು, ಬೇರು ಕಿತ್ತು, ಮುಸುಕಿನ ಜೋಳ ಬಿತ್ತಿದರು.