ಗಿಣಿಯಲ್ಲಿಟ್ಟ ಪ್ರಾಣ

ಕತ್ತಿಯ ಸಾಹಸ, ಮಾಟಮಂತ್ರ ಎರಡೂ ಬೆರೆತ ಕಿರುಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ದೊಡ್ಡ ಓದುಗವರ್ಗವುಂಟು. ಅಮೆರಿಕದ ರಾಬರ್ಟ್ ಹೋವರ್ಡ್ 1932ರಲ್ಲಿ ಕೋನನ್ ಎಂಬ ವೀರನನ್ನು ಸೃಷ್ಟಿಸಿದ ಮೇಲೆ ಅದೊಂದು ಪ್ರತ್ಯೇಕ ಪ್ರಕಾರವೇ ಆಗಿ ಬೆಳೆಯಿತು. ಕಳ್ಳಂಬೆಳ್ಳದಲ್ಲಿ ಹುಟ್ಟಿ ಬೆಳೆದ ನನಗೆ ಆ ರುಚಿ ಹತ್ತಿಸಿದ್ದು ಬಾಲನಾಗಮ್ಮನ ಕಥೆ. ತೆಲುಗೂ ಕನ್ನಡವೂ ಒಂದೇ ಜಗಲಿಯ ಮೇಲೆ ಕೂರುವ ಸೀಮೆ ನಮ್ಮದು. ಪಾವಗಡಕ್ಕಂತೂ ಮೂರು ದಿಕ್ಕಿಗೂ ಆಂಧ್ರವೇ.

ಮಾಯಲ ಮರಾಠಿ ಎಂಬ ಮಾಂತ್ರಿಕ ರಾಣಿ ಬಾಲನಾಗಮ್ಮನನ್ನು ನಾಯಿಯಾಗಿಸಿ ಒಯ್ಯುತ್ತಾನೆ. ಬಿಡಿಸಹೋದ ಗಂಡ ಕಾರ್ಯವರ್ಧಿ ದಂಡುಸಮೇತ ಕಲ್ಲಾಗುತ್ತಾನೆ. ಮಾಂತ್ರಿಕನ ಪ್ರಾಣವಿರುವುದು ಏಳು ಸಮುದ್ರದಾಚೆಯ ಗಿಣಿಯಲ್ಲಿ. ಮಗ ಬಾಲವರ್ಧಿ ಬೆಳೆದು ಅದನ್ನು ಹಿಡಿದು ತರುತ್ತಾನೆ. 1757ರಲ್ಲಿ, ಮತ್ತೆ 1766ರಲ್ಲಿ ಶಿರಾ ಮರಾಠರ ವಶವಾದದ್ದನ್ನು ಬಲ್ಲವರಿಗೆ ಖಳನ ಹೆಸರು ಕಿವಿಗೆ ತಟ್ಟದಿರದು. ಆದರೆ ಇದು ಬರಿಯ ಊಹೆ. ಇದರ ಮೇಲೆ ಇತಿಹಾಸ ಕಟ್ಟಲಾಗದು.

ಇದೇ ಕಥೆ 1868ರಲ್ಲಿ ಮೇರಿ ಫ್ರಿಯರ್ ಅವರ ಸಂಕಲನದಲ್ಲಿ ‘ಪಂಚ್‌ಕಿನ್’ ಎಂಬ ಹೆಸರಿನಿಂದ ಅಚ್ಚಾಯಿತು. ಹೇಳಿದಾಕೆ ಮುಂಬಯಿ ಗವರ್ನರರ ಮನೆಯ ಆಯಾ, ಅನ್ನಾ ಲಿಬರಾಟಾ ಡಿ ಸೋಜಾ. ಆಕೆಯ ಅಜ್ಜನ ಮನೆತನ ಮೂಲತಃ ಲಿಂಗಾಯತರದು; ಕಥೆಗಳನ್ನು ಆಕೆ ಕಲಿತದ್ದು ಅಜ್ಜಿಯಿಂದ. ಮುಂದೆ ಫ್ರೇಜರ್ ಪಂಡಿತರು ಈ ಗಿಣಿಯನ್ನು, ಪ್ರಾಣವನ್ನು ದೇಹದ ಹೊರಗೆ ಬಚ್ಚಿಡಬಹುದೆಂಬ ಪ್ರಾಚೀನ ನಂಬಿಕೆಗೆ ಸಾಕ್ಷಿಯಾಗಿ ಕರೆತಂದರು. ಮಾಂತ್ರಿಕ ಪ್ರಾಣವನ್ನೇಕೆ ಬಚ್ಚಿಟ್ಟನೆಂಬುದಕ್ಕೆ ಅದು ಉತ್ತರವಾದೀತು. ಕೇಳುವವರು ನಿದ್ದೆಗೆಟ್ಟು ಕೂರುವುದೇಕೆ ಎಂಬುದಕ್ಕೆ ಆಗದು.

ನನ್ನ ಮಟ್ಟಿಗೆ ಕಥೆಯ ಬಿಗಿಯಿರುವುದು ಕತ್ತಿ ಸೋತ ಮೇಲೆ. ಕಾರ್ಯವರ್ಧಿಯ ಶೌರ್ಯಕ್ಕೇನು ಕೊರತೆಯಿರಲಿಲ್ಲ. ಹೊಡೆಯಬೇಕಾದ ಜಾಗ ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ಅದನ್ನು ತಿಳಿಯಬಲ್ಲವಳು ಸೆರೆಯಲ್ಲಿರುವ ಹೆಣ್ಣೊಬ್ಬಳೇ. ವರ್ಷಗಟ್ಟಲೆ ಅವನನ್ನು ದೂರವಿಟ್ಟವಳು, ಒಂದು ದಿನ ಒಲಿದವಳಂತೆ ನಟಿಸಿ, ನಿನಗೆ ಸಾವೇ ಇಲ್ಲವೆ ಎಂದು ಕೇಳುತ್ತಾಳೆ. ಗರ್ವದಿಂದ ಬೀಗಿದ ಮಾಂತ್ರಿಕ ತನ್ನ ಗುಟ್ಟನ್ನು ತಾನೇ ಬಿಡುತ್ತಾನೆ. ಸೈನ್ಯ ಮಾಡಲಾಗದ್ದನ್ನು ಒಂದು ಪ್ರಶ್ನೆ ಮಾಡಿತು. 1942ರ ತೆಲುಗು ಚಿತ್ರಕ್ಕೂ ರಾಜ್‌ಕುಮಾರ್ ನಟಿಸಿದ 1966ರ ಕನ್ನಡ ಚಿತ್ರಕ್ಕೂ ಅವಳ ಹೆಸರನ್ನೇ ಇಟ್ಟದ್ದು ನ್ಯಾಯವೇ.

ಅನ್ನಾ ಹೇಳಿದ ಪಾಠದಲ್ಲಿ ಹುಡುಗ ಗಿಣಿಯನ್ನು ಕಂಡೊಡನೆ ಕೊಲ್ಲುವುದಿಲ್ಲ. ಕಲ್ಲಾದವರನ್ನೆಲ್ಲ ಮೊದಲು ಬದುಕಿಸು ಎನ್ನುತ್ತಾನೆ. ತಂದೆ, ದೊಡ್ಡಪ್ಪಂದಿರು, ಅವರ ಪರಿವಾರ ಎಲ್ಲರೂ ಎದ್ದು ನಿಲ್ಲುತ್ತಾರೆ. ಆಮೇಲೆ ಗಿಣಿಯ ಒಂದು ರೆಕ್ಕೆ ಕೀಳುತ್ತಾನೆ. ಮಾಂತ್ರಿಕನ ಬಲತೋಳು ಕಳಚಿ ಬೀಳುತ್ತದೆ.